ಮುಂಬೈಯ ಕನ್ನಡ ತರಗತಿಗೆ ಪರಿಸರ ಆರೋಗ್ಯದ ಪಾಠ: ಯಾವ ಜಾಲತಾಣ ಎಲ್ಲಿಯವರೆಗೆ ಬರುತ್ತದೆ

ಪರಿಸರದ ಪಾಠಕ್ಕೆ ಅಂತರ್ಜಾಲದಲ್ಲಿ ಸಾಮಗ್ರಿ ರಾಶಿ ಇದೆ. ಗಿಡ ನೆಡಿ, ಕಸ ಬೇರ್ಪಡಿಸಿ ಎನ್ನುವವರೆಗೆ ಎಲ್ಲವೂ ಬರುತ್ತವೆ. ಆ ಕಸ, ಆ ಹೊಗೆ, ಆ ನೀರು ಮಗುವಿನ ಮೈಯೊಳಗೆ ಹೋಗಿ ಏನು ಮಾಡುತ್ತದೆ ಎಂಬಲ್ಲಿಗೆ ಬಂದಾಗ ಬಹಳಷ್ಟು ನಿಂತುಬಿಡುತ್ತವೆ. 6ರಿಂದ 8ನೇ ತರಗತಿಗೆ ಬಳಸಿ ನೋಡಿದ ಸಾಮಗ್ರಿಗಳನ್ನು ನಾವು ಅಳೆದದ್ದು ಇದೊಂದರಿಂದಲೇ: ಮೂಲ, ದಾರಿ, ದೇಹ, ಈ ಮೂರನ್ನೂ ಜೋಡಿಸುತ್ತದೆಯೇ?

ಮುಂಬೈಯಲ್ಲಿ ಇದಕ್ಕೆ ಇಲಿಜ್ವರಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಮೂಲ, ಇಲಿಯ ಮೂತ್ರ. ದಾರಿ, ಮಳೆಯಲ್ಲಿ ನಿಂತ ನೀರು ಮತ್ತು ಕಾಲಿನ ಗಾಯ. ದೇಹದಲ್ಲಿ ಜ್ವರ, ಕಾಮಾಲೆ, ಮೂತ್ರಪಿಂಡಕ್ಕೆ ಪೆಟ್ಟು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ಮೇಲೆ ಈ ಕಾಯಿಲೆ ಊರಲ್ಲೆಲ್ಲ ಕಾಣಿಸಿಕೊಂಡಿತು. ನೀರಲ್ಲಿ ನಡೆದವರು 72 ಗಂಟೆಯೊಳಗೆ ವೈದ್ಯರನ್ನು ಕಾಣಬೇಕೆಂದು ಪಾಲಿಕೆ ಈಗಲೂ ಮಳೆಗಾಲದಲ್ಲಿ ಹೇಳುತ್ತದೆ.

ಮೊದಲು ಮನೆಯ ಸರಕು. ಇ-ಬಾಲಭಾರತಿಯಲ್ಲಿ ಮಹಾರಾಷ್ಟ್ರದ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳ ಪಿಡಿಎಫ್ ಪುಕ್ಕಟೆ ಸಿಗುತ್ತದೆ. ಪರೀಕ್ಷೆ ಬರುವುದು ಇದರಿಂದಲೇ, ಆದ್ದರಿಂದ ಬಿಡುವ ಮಾತಿಲ್ಲ. ಆದರೆ ಮಾಲಿನ್ಯ ಒಂದು ಅಧ್ಯಾಯದಲ್ಲಿ, ಉಸಿರಾಟ ಇನ್ನೊಂದರಲ್ಲಿ ಇರುತ್ತದೆ, ಎರಡನ್ನೂ ಟೀಚರೇ ಹೊಲಿಯಬೇಕು. 2017ರಲ್ಲಿ ಶುರುವಾದ, ಸರ್ಕಾರದ ಶಾಲಾ ಪಾಠಗಳ ದೀಕ್ಷಾ ಆ್ಯಪ್‌ನಲ್ಲಿ ಕರ್ನಾಟಕ ಬೋರ್ಡ್, ಕನ್ನಡ ಮಾಧ್ಯಮ ಎಂದು ಆರಿಸಿದರೆ ಕನ್ನಡ ವಿಡಿಯೊಗಳು ತೆರೆಯುತ್ತವೆ. ಇಲ್ಲಿನ ಪಾಠದ ಕ್ರಮಕ್ಕೆ ಅವು ಹೊಂದುವುದಿಲ್ಲ. ತರಗತಿಯ ಸಂಖ್ಯೆ ನೋಡಿ ಹುಡುಕಬೇಡಿ, ವಿಷಯದ ಹೆಸರು ಹಾಕಿ ಹುಡುಕಿ. ಹಿಂದಿನ ದಿನ ಮನೆಯಲ್ಲೇ ಡೌನ್‌ಲೋಡ್ ಮಾಡಿಡಿ. ಶಾಲೆಯ ನೆಟ್ ನಂಬಿ ಹೋದರೆ ಅರ್ಧ ಪೀರಿಯಡ್ ಸುತ್ತುವ ಚಕ್ರ ನೋಡುವುದರಲ್ಲೇ ಕಳೆಯುತ್ತದೆ.

ದೇಹದವರೆಗೆ ನಿಜವಾಗಿ ಬರುವುದು ಅಮೆರಿಕದ ರಾಷ್ಟ್ರೀಯ ಪರಿಸರ ಆರೋಗ್ಯ ವಿಜ್ಞಾನ ಸಂಸ್ಥೆ, ಅಂದರೆ ಎನ್‌ಐಇಎಚ್‌ಎಸ್. ಮಕ್ಕಳಿಗೆ, ಶಿಕ್ಷಕರಿಗೆ ಬೇರೆ ಬೇರೆ ಪುಟಗಳಿವೆ. ವಿಷ ಮೈಗೆ ಸೇರುವ ಮೂರು ದಾರಿಗಳನ್ನು (ಉಸಿರು, ಬಾಯಿ, ಚರ್ಮ) ಮತ್ತು ಪ್ರಮಾಣ ಹೆಚ್ಚಾದಂತೆ ಹಾನಿ ಹೆಚ್ಚುವುದನ್ನು ಪಾಠದ ಬೆನ್ನೆಲುಬಾಗಿಸುವ ಕ್ರಮ ನಮಗೆ ಬೇಕಾದದ್ದು. ತೊಡಕು ಉದಾಹರಣೆಗಳಲ್ಲಿದೆ. ಅಮೆರಿಕದ ಇಂಥ ಪಾಠಗಳಲ್ಲಿ ನೆಲಮಾಳಿಗೆಯ ರೇಡಾನ್ (ನೆಲದಿಂದ ಹೊಮ್ಮುವ ವಿಕಿರಣಶೀಲ ಅನಿಲ), 1978ಕ್ಕಿಂತ ಹಳೆಯ ಮನೆಗಳ ಸೀಸದ ಬಣ್ಣ, ಗ್ಯಾಲನ್ ಲೆಕ್ಕ ಬರುತ್ತವೆ. ಚಾಳಿನ ಮಗುವಿಗೆ ನೆಲಮಾಳಿಗೆ ಎಲ್ಲಿಂದ ಬರಬೇಕು? ರೇಡಾನ್ ಜಾಗದಲ್ಲಿ ಮುಚ್ಚಿದ ಕೋಣೆಯ ಸೊಳ್ಳೆ ಬತ್ತಿ ಮತ್ತು ಅಗರಬತ್ತಿಯ ಹೊಗೆ ಇಡಿ. ಸೀಸದ ಬಣ್ಣವನ್ನು ಮಾತ್ರ ತೆಗೆಯಬೇಡಿ: ಮನೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗ ಮೀರಬಾರದೆಂಬ ನಿಯಮ ಭಾರತದಲ್ಲಿ ಬಂದದ್ದೇ 2016ರಲ್ಲಿ, ಹಳೆಯ ಗೋಡೆಗಳು ಇನ್ನೂ ನಿಂತಿವೆ.

ಈ 'ಹತ್ತು ಲಕ್ಷದಲ್ಲಿ ಒಂದು ಭಾಗ' ಎಂಬುದು ಮಕ್ಕಳ ತಲೆಗೆ ಇಳಿಯದಿದ್ದರೆ ಮುಂದಿನದು ಯಾವುದೂ ಇಳಿಯುವುದಿಲ್ಲ. ಇಲ್ಲಿ ಎರಡು ದಾರಿ. ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳಲ್ಲಿ (ತೆರೆಯ ಮೇಲೆ ಮಾಡುವ ಪ್ರಯೋಗಗಳು) ದ್ರಾವಣದ ಸಾಂದ್ರತೆಯದೊಂದಿದೆ. ಅದರಲ್ಲಿ ಮೇಲಿನ ನಲ್ಲಿ ನೀರು ಸೇರಿಸುತ್ತದೆ, ಕೆಳಗಿನದು ಹೊರಬಿಡುತ್ತದೆ, ಇನ್ನೊಂದು ಗುಂಡಿ ಆವಿಯಾಗಿಸುತ್ತದೆ. ಕೆಳಗಿನ ನಲ್ಲಿ ಬಿಟ್ಟರೆ ದ್ರಾವಣ ಕಡಿಮೆಯಾಗುತ್ತದೆ, ಮೀಟರಿನ ಅಂಕಿ ಕದಲುವುದಿಲ್ಲ. ಆವಿಯಾಗಿಸಿದರೆ ಅಂಕಿ ಏರುತ್ತದೆ. ನೀರು ಕುದಿಸಿದರೆ ರೋಗಾಣು ಸಾಯುತ್ತವೆ, ಸೀಸ ಮತ್ತು ಫ್ಲೋರೈಡ್ ಹೋಗುವುದಿಲ್ಲ ಎಂಬುದನ್ನು ಹೇಳಲು ಇದಕ್ಕಿಂತ ಚೆನ್ನಾದದ್ದು ನಾವು ಕಂಡಿಲ್ಲ. ಆದರೆ ಮೀಟರ್ ಮೋಲ್ ಎಂಬ ರಸಾಯನಶಾಸ್ತ್ರದ ಲೆಕ್ಕದಲ್ಲಿದೆ. ಏಳನೇ ತರಗತಿಗೆ 'ಏರಿತು, ಇಳಿಯಿತು' ಎಂದಷ್ಟೇ ಓದಿಸಿ. ಫೆಟ್‌ನ ಹಲವು ಸಿಮ್ಯುಲೇಶನ್‌ಗಳು ಕನ್ನಡದಲ್ಲೂ ಇವೆ.

ಎರಡನೆಯದಕ್ಕೆ ನೆಟ್ಟೂ ಬೇಡ, ಫೋನೂ ಬೇಡ: ಬಿಳಿ ಐಸ್ ಟ್ರೇ, ಡ್ರಾಪರ್, ಕೇಸರಿಬಾತಿಗೆ ಹಾಕುವಂಥ ದ್ರವ ಬಣ್ಣ. ಮೊದಲ ಗುಳಿಗೆ 10 ಹನಿ ಬಣ್ಣ. ಎರಡನೆಯದಕ್ಕೆ ಮೊದಲನೆಯದರಿಂದ 1 ಹನಿ, ಜೊತೆಗೆ 9 ಹನಿ ನೀರು. ಮೂರನೆಯದಕ್ಕೆ ಎರಡನೆಯದರಿಂದ 1 ಹನಿ, ಮತ್ತೆ 9 ಹನಿ ನೀರು. ಹೀಗೆ ಹೋದರೆ ಏಳನೆಯ ಗುಳಿ ಹತ್ತು ಲಕ್ಷದಲ್ಲಿ ಒಂದು. ಅಷ್ಟರಲ್ಲಿ ಬಣ್ಣ ಕಣ್ಣಿಗೆ ಕಾಣದಾಗಿರುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಫ್ಲೋರೈಡ್‌ಗೆ ಲೀಟರಿಗೆ 1 ಮಿಲಿಗ್ರಾಂ ಎಂದಿರುವುದು ಹೆಚ್ಚುಕಡಿಮೆ ಇದೇ ಗುಳಿ. ಸೀಸದ ಮಿತಿ 0.01 ಮಿಲಿಗ್ರಾಂ, ಅಂದರೆ ಇನ್ನೂ ಎರಡು ಗುಳಿ ಮುಂದೆ, ಒಂಬತ್ತನೆಯದು. ಕೆಡುವುದು ಸಾಮಾನ್ಯವಾಗಿ ಒಂದೇ ಕಡೆ: ಪ್ರತಿ ಸಲ ಡ್ರಾಪರನ್ನು ಶುದ್ಧ ನೀರಲ್ಲಿ ಎರಡು ಬಾರಿ ತೊಳೆಯದಿದ್ದರೆ ಏಳನೆಯ ಗುಳಿಯೂ ಕೆಂಪಾಗಿಯೇ ಇರುತ್ತದೆ. ನೀಲಿ ಟ್ರೇ ತಂದರೆ ಬಣ್ಣ ಕಾಣುತ್ತದೋ ಇಲ್ಲವೋ ಎಂದು ನಾಲ್ಕನೆಯದರಲ್ಲೇ ಜಗಳ ಶುರು.

ಗಾಳಿಯ ಪಾಠದಲ್ಲಿ ಪೈಪೋಟಿ ಸಮೀರ್ ಮತ್ತು ಸಫರ್ ನಡುವೆ. ಸಮೀರ್ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಆ್ಯಪ್, ಊರೂರಿನ ಮಾಪನ ಕೇಂದ್ರಗಳ ಗಾಳಿ ಗುಣಮಟ್ಟ ಸೂಚ್ಯಂಕ ಕೊಡುತ್ತದೆ. ಸಫರ್ ಪುಣೆಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯದು. ಮುಂಬೈಗೆ ಬಂದದ್ದು 2015ರಲ್ಲಿ. ನಾಳಿನ ಮುನ್ಸೂಚನೆ ಮತ್ತು ಆರೋಗ್ಯ ಸಲಹೆ ಇರುವುದರಿಂದ ನಮ್ಮ ಅಳತೆಗೆ ಸಫರ್ ಒಂದು ಹೆಜ್ಜೆ ಮುಂದಿದೆ. ಲೆಕ್ಕ ಬರೆಸಲು ಸಮೀರ್ ಸುಲಭ. ಒಂದು ಎಚ್ಚರ: ಸಮೀರ್ ತೋರಿಸುವುದು ಧೂಳಿನ ಕಣಗಳ 24 ಗಂಟೆಯ ಸರಾಸರಿ. ದೀಪಾವಳಿಯ ರಾತ್ರಿ ಹತ್ತಕ್ಕೆ ಉಸಿರು ಕಟ್ಟುವಂತಿದ್ದರೂ ಅಂಕಿ ನಿಧಾನವಾಗಿ ಏರುತ್ತದೆ, ಮರುದಿನ ನಿಧಾನವಾಗಿಯೇ ಇಳಿಯುತ್ತದೆ.

ದೊಡ್ಡ ಗೊಂದಲ ಬರುವುದು ಮಕ್ಕಳು ಮನೆಯಿಂದ ಖಾಸಗಿ ಆ್ಯಪ್‌ನ ಅಂಕಿ ಬರೆದು ತಂದಾಗ. ಅವುಗಳಲ್ಲಿ ಹಲವು ಅಮೆರಿಕದ ಮಾಪಕದಲ್ಲಿರುತ್ತವೆ. ಪಿಎಂ 2.5, ಅಂದರೆ ಗಾಳಿಯಲ್ಲಿನ ಅತಿ ಸಣ್ಣ ಕಣ, ಘನ ಮೀಟರಿಗೆ 60 ಮೈಕ್ರೊಗ್ರಾಂ ಇದೆ ಎನ್ನಿ. ಭಾರತದ ಮಾಪಕದಲ್ಲಿ ಅದು 100, 'ತೃಪ್ತಿಕರ'ದ ಕೊನೆಯ ಅಂಚು. ಅಮೆರಿಕದ 2024ರ ಮಾಪಕದಲ್ಲಿ ಅದೇ ಗಾಳಿ 154, 'ಅನಾರೋಗ್ಯಕರ'. ವಿಶ್ವ ಆರೋಗ್ಯ ಸಂಸ್ಥೆ 24 ಗಂಟೆಗೆ ಹೇಳುವುದು 15 ಮೈಕ್ರೊಗ್ರಾಂ ಮಾತ್ರ. ಆದ್ದರಿಂದ ಸೂಚ್ಯಂಕವನ್ನು ಬರೆಸಬೇಡಿ, ಮೈಕ್ರೊಗ್ರಾಂ ಬರೆಸಿ. ಎಂಟನೇ ತರಗತಿಯಾದರೆ ಈ ಜಗಳವೇ ಒಂದು ಪೂರ್ತಿ ಪೀರಿಯಡ್: ಗಾಳಿ ಒಂದೇ ಇದ್ದು ಹಣೆಪಟ್ಟಿ ಎರಡಾದದ್ದು ಹೇಗೆ, ಗೆರೆ ಎಳೆದವರು ಯಾರು?

ಕೈಕೆಲಸಕ್ಕೆ ಪುಣೆಯ ಅರವಿಂದ ಗುಪ್ತಾ ಅವರ ತಾಣವನ್ನು ಮೀರಿಸುವುದು ಕಷ್ಟ. ಕಸದಿಂದ ಮಾಡುವ ಆಟಿಕೆಗಳು, ಹಲವು ಭಾಷೆಗಳ ಪುಸ್ತಕಗಳು ಎಲ್ಲ ಉಚಿತ. ಆದರೆ ಅದು ಪಠ್ಯಕ್ರಮವಲ್ಲ, ಸಂತೆ. ಏನು ಬೇಕೆಂದು ಗೊತ್ತಿಲ್ಲದೆ ಹೋದರೆ ಒಂದು ಗಂಟೆ ಹಾರಿಹೋಗುತ್ತದೆ. ಮಾನ್‌ಖುರ್ದ್‌ನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ವಿಜ್ಞಾನ ಪ್ರತಿಭಾ ಘಟಕಗಳು ಇದಕ್ಕೆ ತದ್ವಿರುದ್ಧ: ಬಿಗಿಯಾದ ಹೆಣಿಗೆ, ಒಳ್ಳೆಯ ಪ್ರಶ್ನೆ, ಆದರೆ 8ರಿಂದ 10ನೇ ತರಗತಿಗೆ. ಆರನೆಯವರಿಗೆ ಭಾರ.

ಗಾಳಿಯ ಧೂಳು ಹಿಡಿಯಲು ಬಹುತೇಕ ಎಲ್ಲ ತಾಣಗಳೂ ಹೇಳುವ ವ್ಯಾಸಲೀನ್ ರಟ್ಟಿನ ಪ್ರಯೋಗದ ಬಗ್ಗೆ ಒಂದು ಮಾತು. 10 ಸೆಂಟಿಮೀಟರ್ ಚೌಕದ ಬಿಳಿ ರಟ್ಟು, 1 ಸೆಂಟಿಮೀಟರಿನ ಮನೆಗಳು, ತೆಳು ಲೇಪ, 48 ಗಂಟೆ. ಐದು ಮನೆಗಳ ಕಣ ಎಣಿಸಿ ಸರಾಸರಿ. ಲೇಪ ದಪ್ಪವಾದರೆ ಕಣ ಮುಳುಗಿ ಕಾಣುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾಡಲೇಬೇಡಿ. ಇನ್ನೂ ಮುಖ್ಯವಾದದ್ದು, ರಟ್ಟಿನಲ್ಲಿ ಕಾಣುವುದು ದಪ್ಪ ಧೂಳು ಮಾತ್ರ. ಶ್ವಾಸಕೋಶದ ಆಳಕ್ಕೆ ಹೋಗುವ ಪಿಎಂ 2.5 ಕಣ ಕೂದಲಿನ ಅಗಲದ ಸುಮಾರು ಮೂವತ್ತನೇ ಒಂದು ಭಾಗ, ಭೂತಗನ್ನಡಿಗೂ ಸಿಕ್ಕದು. ಹೇಳದೆ ಬಿಟ್ಟರೆ 'ನಮ್ಮ ಗಲ್ಲಿಯ ಗಾಳಿ ಶುದ್ಧ' ಎಂದು ಮಕ್ಕಳು ಮನೆಗೆ ಹೋಗುತ್ತಾರೆ.

ಒಂದೇ ಫೋನ್ ಇರುವ ಶಾಲೆಯವರು ಜೂನ್, ಜುಲೈಯಲ್ಲಿ ಐಸ್ ಟ್ರೇ ಮತ್ತು ಇಲಿಜ್ವರ, ದೀಪಾವಳಿ ರಜೆಯ ನಂತರ ಸಮೀರ್ ಮತ್ತು ರಟ್ಟು ಎಂದು ಇಟ್ಟುಕೊಳ್ಳಬಹುದು. ಚಳಿಗಾಲದಲ್ಲಿ ಕಡಲ ಗಾಳಿ ಸೋತು ಹೊಗೆ ಕೆಳಗೇ ಉಳಿಯುವುದರಿಂದ ಅಂಕಿಗಳು ಆಗಲೇ ಮಾತಾಡುವುದು. ಪಠ್ಯಪುಸ್ತಕದ ಕ್ರಮ ಇದಕ್ಕೆ ಒಪ್ಪದಿದ್ದರೆ ಅಧ್ಯಾಯವನ್ನು ಹಿಂದೆಮುಂದೆ ಮಾಡಿಕೊಳ್ಳಿ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದ (ಸಿಎಸ್‌ಇ) ಗ್ರೀನ್ ಸ್ಕೂಲ್ಸ್ ಲೆಕ್ಕಪರಿಶೋಧನೆ ಗಾಳಿ, ಇಂಧನ, ಆಹಾರ, ನೆಲ, ನೀರು, ಕಸ ಎಂಬ ಆರು ಬಾಬತ್ತು ಇಟ್ಟುಕೊಂಡಿದೆ. ಅದನ್ನು ಕೈಗೆತ್ತಿಕೊಂಡರೆ ಪಟ್ಟಿಯ ಬಲಕ್ಕೆ ಇನ್ನೊಂದು ಕಾಲಂ ಎಳೆದು 'ಯಾರ ದೇಹಕ್ಕೆ' ಎಂದು ಬರೆಸಿ. ಶಾಲೆಯ ನೀರಿನ ಟ್ಯಾಂಕ್ ತೊಳೆದ ದಿನಾಂಕ ಕೇಳಲು ಮಕ್ಕಳು ತಾವಾಗಿಯೇ ಆಫೀಸಿಗೆ ಹೋಗುತ್ತಾರೆ.