ಎಕ್ಕದ ಹಾಲು ಮುಟ್ಟಿದ ಕೈ ಕಣ್ಣಿಗೆ ಹೋದರೆ

ಕಾಲಿಗೆ ಜಾಲಿ ಮುಳ್ಳು ಚುಚ್ಚಿದ್ದಕ್ಕೆ ನಾನು ಎರಡು ವಾರ ಕಣ್ಣಿನ ಆಸ್ಪತ್ರೆಗೆ ಅಲೆದೆ. ಕೇಳಿದವರೆಲ್ಲ ಮೊದಲು ನಗುತ್ತಾರೆ. ನಗಲಿ. ನಮ್ಮ ಕಡೆ ಎಕ್ಕದ ಗಿಡ ಇಲ್ಲದ ಊರಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಹಬ್ಬಕ್ಕೆ ಊರಿಗೆ ಹೋಗಿದ್ದೆ. ನಮ್ಮದು ಚಿತ್ರದುರ್ಗದ ಕಡೆ. ಹೊಲದ ಬದುವಿನ ಮೇಲೆ ನಡೆಯುವಾಗ ಮುಳ್ಳು ಚಪ್ಪಲಿ ತೂರಿಕೊಂಡು ಹಿಮ್ಮಡಿಗೆ ಇಳಿಯಿತು. ಕೀಳಲು ಹೋದರೆ ತುದಿ ಮುರಿದು ಒಳಗೇ ಉಳಿಯಿತು. "ಎಕ್ಕದ ಹಾಲು ಬಿಡೋ, ಬೆಳಗಾಗೋದ್ರೊಳಗೆ ತಾನೇ ಮೇಲೆ ಬರುತ್ತೆ" ಅಂದರು ದೊಡ್ಡಮ್ಮ. ಚಿಕ್ಕಂದಿನಿಂದ ಮಾಡಿಕೊಂಡು ಬಂದದ್ದೇ. ಒಂದು ಎಲೆ ಮುರಿದೆ. ತೊಟ್ಟಿನಿಂದ ಬೆಳ್ಳಗೆ ಹಾಲು ಒಸರಿತು. ನಾಲ್ಕು ಹನಿ ಹಿಮ್ಮಡಿಗೆ ಬಿಟ್ಟು, ಬೆರಳಿಗೆ ಅಂಟಿದ್ದನ್ನು ಲುಂಗಿಗೆ ಒರೆಸಿಕೊಂಡೆ. ಒರೆಸಿದರೆ ಹೋಗುವ ಅಂಟಲ್ಲ ಅದು. ಸ್ವಲ್ಪ ಹೊತ್ತಿಗೆ ಹಣೆಯಿಂದ ಬೆವರು ಇಳಿಯಿತು. ಅದೇ ಬೆರಳಲ್ಲಿ ಬಲಗಣ್ಣು ಉಜ್ಜಿಕೊಂಡೆ.

ಚುರ್ ಅಂತು. ಒಂದು ಚೊಂಬು ನೀರು ಎರಚಿಕೊಂಡೆ, ಉರಿ ನಿಂತಿತು. ಮೋಸ ಹೋಗಿದ್ದು ಇಲ್ಲೇ. ಉರಿ ನಿಂತರೆ ಸರಿಹೋಯಿತು ಅಂತ ತಾನೇ ಅಂದುಕೊಳ್ಳುವುದು? ಸಂಜೆ ಲೈಟ್ ಹಾಕಿದಾಗ ಬಲ್ಬಿನ ಸುತ್ತ ಕಾಮನಬಿಲ್ಲಿನ ಹಾಗೆ ಬಣ್ಣದ ಬಳೆ ಕಂಡಿತು. ಸುಸ್ತಿರಬೇಕು ಅಂದುಕೊಂಡೆ. ಪಕ್ಕದ ಮನೆಯವರು ನಂದಿಬಟ್ಟಲು ಹೂವಿನ ರಸ ಬಿಡಿ, ತಂಪು ಅಂದರು. ಅದನ್ನೂ ಬಿಟ್ಟುಕೊಂಡೆ! ಬೆಳಿಗ್ಗೆ ಎದ್ದು ಎಡಗಣ್ಣು ಮುಚ್ಚಿ ನೋಡಿದರೆ ಎದುರಿಗಿದ್ದ ಕ್ಯಾಲೆಂಡರೇ ಇಲ್ಲ. ಬರೀ ಬಿಳಿ ಮಂಜು. ಆಗಲೂ ನೋವು ಅಂತ ಹೇಳುವಷ್ಟು ನೋವಿರಲಿಲ್ಲ.

ಡಾಕ್ಟರ ಹತ್ತಿರ ನಾಚಿಕೆಯಿಂದ "ಧೂಳು ಬಿತ್ತು" ಅಂತ ಸುಳ್ಳು ಹೇಳಿದೆ. ಅವರು ಯಂತ್ರದ ಮುಂದೆ ಗಲ್ಲ ಇಡಿಸಿ, ಲೈಟ್ ಬಿಟ್ಟು ನೋಡಿ, "ಧೂಳಿಗೆ ಹೀಗಾಗಲ್ಲ. ಎಕ್ಕದ ಹಾಲಾ?" ಅಂದರು. ಹೂಂ ಅಂದೆ. ನಮ್ಮ ಕಣ್ಣಿನ ಮುಂಭಾಗದಲ್ಲಿ ಗಾಜಿನಂಥ ಪದರ ಇದೆಯಲ್ಲ, ಕಾರ್ನಿಯಾ, ಅದರ ಒಳಮೈಯಲ್ಲಿ ಒಂದೇ ಒಂದು ಸಾಲು ಜೀವಕೋಶಗಳಿವೆಯಂತೆ. ಒಳಗಿನ ನೀರನ್ನು ಸದಾ ಹೊರಗೆ ಹಾಕುತ್ತಾ ಪದರವನ್ನು ತಿಳಿಯಾಗಿಡುವುದು ಅವುಗಳ ಕೆಲಸ. ಎಕ್ಕದ ಹಾಲು ಆ ಪಂಪನ್ನೇ ಕೆಡಿಸುತ್ತದೆ. ಪದರ ನೀರು ಕುಡಿದು ಊದಿಕೊಳ್ಳುತ್ತದೆ, ಮಂಜು ಕವಿಯುತ್ತದೆ. ಆ ಜೀವಕೋಶಗಳು ಸತ್ತರೆ ಮತ್ತೆ ಹುಟ್ಟುವುದಿಲ್ಲ. ಇದನ್ನು ಕೇಳಿದ ಮೇಲೆ ನನಗೆ ಕೈಕಾಲು ಆಡಲಿಲ್ಲ.

ನನ್ನ ಪುಣ್ಯ, ಡ್ರಾಪ್ಸ್ ಹಾಕುತ್ತಾ ಹಾಕುತ್ತಾ ಎರಡು ವಾರಕ್ಕೆ ಮಂಜು ಕರಗಿತು. ಅದರಲ್ಲಿ ಒಂದು ಸ್ಟೀರಾಯ್ಡ್ ಡ್ರಾಪ್ಸ್. ನೀವು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ಹಾಕಿಕೊಳ್ಳಬೇಡಿ. ಕಣ್ಣಿನಲ್ಲಿ ಸೋಂಕಿದ್ದರೆ ಅದೇ ಮುಳುವಾಗುತ್ತದೆ.

ಈ ಹಾಲು ಕಣ್ಣಿಗೆ ತಾಗಿದ ಕೂಡಲೇ ಕುಡಿಯುವ ನೀರಿನಲ್ಲಿ, ರೆಪ್ಪೆ ಬಿಡಿಸಿ ಹಿಡಿದು, 15ರಿಂದ 20 ನಿಮಿಷ ತೊಳೆಯಬೇಕಿತ್ತು. ನಾನು ತೊಳೆದದ್ದು ಅರ್ಧ ನಿಮಿಷ. ಆಮೇಲೆ ನೋವಿರಲಿ ಬಿಡಲಿ, ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಯಾವ ಗಿಡ ಅಂತ ಬಾಯಿಬಿಟ್ಟು ಹೇಳಿ. ಹೂವಿನ ರಸ, ಎದೆಹಾಲು, ಹರಳೆಣ್ಣೆ ಯಾವುದೂ ಕಣ್ಣಿಗೆ ಬೇಡ. ನನಗೆ ಸೋಂಕಾಗದೇ ಇದ್ದದ್ದೇ ದೊಡ್ಡದು ಅಂತ ಬೈಸಿಕೊಂಡಿದ್ದೇನೆ.

ರಥಸಪ್ತಮಿಗೆ ತಲೆ ಮೇಲೆ ಎಕ್ಕದ ಎಲೆ ಇಟ್ಟು ನೀರು ಹಾಕಿಸಿಕೊಳ್ಳುತ್ತೇವಲ್ಲ, ಆವತ್ತೂ ಜೋಪಾನ. ಎಲೆ ಕೀಳಲು ಮಕ್ಕಳನ್ನು ಕಳಿಸಬೇಡಿ. ತೊಟ್ಟು ತೊಳೆದು, ಹಾಲು ಒಸರುವುದು ನಿಂತ ಮೇಲೆ ತಲೆಗಿಡಿ. ಪೂಜೆಗೆ ಎಕ್ಕದ ಹೂವು ಬಿಡಿಸುವವರೂ ಅಷ್ಟೇ, ಸೋಪು ಹಾಕಿ ಕೈ ತೊಳೆಯುವ ತನಕ ಮುಖ ಮುಟ್ಟಬೇಡಿ. ಮನೆಮದ್ದೆಲ್ಲ ಸುಳ್ಳು ಅಂತ ನಾನು ಹೇಳುತ್ತಿಲ್ಲ, ಈಗಲೂ ಕೆಮ್ಮಿಗೆ ಶುಂಠಿ ಕಷಾಯವೇ ಕುಡಿಯುವುದು.

ಅಂದ ಹಾಗೆ, ಆ ಮುಳ್ಳು ಮೇಲೆ ಬರಲೇ ಇಲ್ಲ. ನಾಲ್ಕನೇ ದಿನ ಕುಂಟುತ್ತಾ ಹೋದಾಗ ನರ್ಸಮ್ಮ ಚಿಮಟದಲ್ಲಿ ಒಂದೇ ನಿಮಿಷಕ್ಕೆ ಕಿತ್ತು, ಟಿಟಿ ಇಂಜೆಕ್ಷನ್ ಚುಚ್ಚಿ ಕಳಿಸಿದರು.