ಬಿಳಿ ಗುಳಿಗೆ ಮತ್ತು ಬೆಂಗಳೂರಿನ ಸೀನು: ಹೋಮಿಯೋಪತಿಗೆ ಹೊಸದಾಗಿ ಹೋಗುವವರಿಗೆ ನನ್ನ ಅನುಭವ

ವಿಜಯನಗರದಲ್ಲಿ ನಮ್ಮ ಮನೆ ಹತ್ತಿರದ ಒಂದು ಚಿಕ್ಕ ಹೋಮಿಯೋಪತಿ ಕ್ಲಿನಿಕ್ಕಿಗೆ ನಾನು ಹಲವು ವರ್ಷಗಳಿಂದ ಹೋಗುತ್ತಿದ್ದೇನೆ. ಪರಿಚಯದವರು ಯಾರಾದರೂ ಹೊಸದಾಗಿ ಹೋಗಬೇಕು ಅಂದುಕೊಂಡರೆ ನನ್ನನ್ನು ಕೇಳುತ್ತಾರೆ, "ನಿಜವಾಗ್ಲೂ ವಾಸಿ ಆಗುತ್ತಾ?" ಹೌದು ಅಥವಾ ಇಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಲು ನನಗೆ ಮನಸ್ಸಿಲ್ಲ. ಅಲ್ಲಿನ ಡಾಕ್ಟರ ಬಗ್ಗೆ ನನಗೆ ತುಂಬಾ ಗೌರವ ಇದೆ. ಅವರು ಕೊಡುವ ಗುಳಿಗೆಗಳ ಮೇಲೆ ಅಷ್ಟು ನಂಬಿಕೆ ಇಲ್ಲ. ಈ ಎರಡನ್ನೂ ಬೇರೆ ಬೇರೆಯಾಗಿ ನೋಡಿ ಅಂತಲೇ ಹೊಸಬರಿಗೆ ನಾನು ಹೇಳುವುದು.

ನನ್ನ ತೊಂದರೆ ಈ ಊರಿನಲ್ಲಿ ಎಷ್ಟೋ ಜನಕ್ಕೆ ಇರುವುದೇ. ಬೆಳಗ್ಗೆ ಎದ್ದರೆ ಸಾಲು ಸೀನು, ಮೂಗಿನಲ್ಲಿ ನೀರು, ಕಣ್ಣು ತುರಿಕೆ. ರಸ್ತೆ ಅಗೆದ ಧೂಳು, ಮರಗಳ ಪರಾಗ, ಖಾಲಿ ಸೈಟಿನಲ್ಲೆಲ್ಲ ಕಾಂಗ್ರೆಸ್ ಗಿಡ. ಕಿವಿ-ಮೂಗು-ಗಂಟಲಿನ ಡಾಕ್ಟರು ಮೂಗಿನ ಸ್ಪ್ರೇ ಮತ್ತು ಅಲರ್ಜಿ ಮಾತ್ರೆ ಬರೆದುಕೊಟ್ಟಿದ್ದರು. ಅವು ಕೆಲಸ ಮಾಡುತ್ತಿದ್ದವು, ಅದನ್ನು ಇಲ್ಲಿ ಹೇಳಲೇಬೇಕು. ಆದರೆ ಮಾತ್ರೆ ತೆಗೆದುಕೊಂಡ ದಿನ ಆಫೀಸಿನಲ್ಲಿ ಕಣ್ಣು ಎಳೆಯುತ್ತಿತ್ತು. ಮೇಲಿನ ಮನೆಯ ಆಂಟಿ ಮಂಗಳೂರಿನವರು. "ಒಮ್ಮೆ ಹೋಮಿಯೋಪತಿ ನೋಡಿ ಮಾರಾಯ್ರೆ" ಎಂದು ಹೇಳುತ್ತಲೇ ಇದ್ದರು. ಅವರ ಊರಿಗೂ ಈ ಪದ್ಧತಿಗೂ ಹಳೆಯ ನಂಟು. ಜರ್ಮನಿ ಮೂಲದ ಪಾದ್ರಿ ಅಗಸ್ಟಸ್ ಮುಲ್ಲರ್ 1880ರಲ್ಲಿ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯ ಶುರು ಮಾಡಿದ್ದರು. ಇವತ್ತು ಆ ಸಂಸ್ಥೆಯ ಕೆಳಗೆ ಇಂಗ್ಲಿಷ್ ಔಷಧಿಯ ದೊಡ್ಡ ಆಸ್ಪತ್ರೆಯೂ ಇದೆ, ಹೋಮಿಯೋಪತಿ ಕಾಲೇಜೂ ಇದೆ.

ಮೊದಲ ಭೇಟಿ ಹೇಗಿರುತ್ತದೆ ಎಂದು ತಿಳಿದುಕೊಂಡು ಹೋಗಿ, ಇಲ್ಲದಿದ್ದರೆ ಗಾಬರಿಯಾಗುತ್ತದೆ. ಒಂದು ಗಂಟೆಗೂ ಜಾಸ್ತಿ ಬರೀ ಪ್ರಶ್ನೆ. "ಸೀನು ಮನೆ ಒಳಗೆ ಜಾಸ್ತಿನಾ ಹೊರಗೆ ಜಾಸ್ತಿನಾ? ಮೂಗಿನ ನೀರು ಚರ್ಮಕ್ಕೆ ತಾಗಿದರೆ ಉರಿಯುತ್ತಾ? ಬಾಯಾರಿಕೆ ಹೇಗೆ? ಮಲಗುವಾಗ ಫ್ಯಾನ್ ಬೇಕಾ, ಹೊದಿಕೆ ಬೇಕಾ? ಉಪ್ಪು ಇಷ್ಟನಾ, ಸಿಹಿನಾ? ಕೋಪ ಬಂದರೆ ಹೇಳಿಬಿಡ್ತೀರಾ, ಒಳಗೇ ಇಟ್ಕೋತೀರಾ? ಕನಸು ಬೀಳುತ್ತಾ?" ನನ್ನ ಹೆರಿಗೆ, ಅಪ್ಪನ ಉಬ್ಬಸ, ಅಜ್ಜಿಯ ಸಕ್ಕರೆ ಕಾಯಿಲೆ ಎಲ್ಲವನ್ನೂ ಬರೆದುಕೊಂಡರು.

ಇಷ್ಟೆಲ್ಲ ಯಾಕೆ ಕೇಳುತ್ತಾರೆ ಅಂದರೆ, ಇಲ್ಲಿ ಕಾಯಿಲೆಯ ಹೆಸರಿಗೆ ಔಷಧಿ ಕೊಡುವುದಿಲ್ಲ. ಮನುಷ್ಯ ಹೇಗಿದ್ದಾನೆ ಎಂದು ನೋಡಿ ಕೊಡುತ್ತಾರೆ. ನೆಗಡಿ ಇರುವ ಇಬ್ಬರಿಗೆ ಎರಡು ಬೇರೆ ಔಷಧಿ ಸಿಗಬಹುದು. ಮೂಗಿನ ನೀರು ಉರಿಸುವವರಿಗೆ, ತೆರೆದ ಗಾಳಿಯಲ್ಲಿ ಆರಾಮ ಅನ್ನಿಸುವವರಿಗೆ ಅಲಿಯಂ ಸೀಪಾ. ಚಳಿ, ಚಡಪಡಿಕೆ, ಗುಟುಕು ಗುಟುಕಾಗಿ ನೀರು ಕುಡಿಯುವ ಅಭ್ಯಾಸ ಇರುವವರಿಗೆ ಆರ್ಸೆನಿಕಮ್ ಆಲ್ಬಮ್. ಅವರ ಪುಸ್ತಕಗಳು ಇರುವುದೇ ಹೀಗೆ, ಲಕ್ಷಣದಿಂದ ಔಷಧಿಗೆ.

ಅಲಿಯಂ ಸೀಪಾ ಅಂದರೆ ನಮ್ಮ ಈರುಳ್ಳಿಯೇ. ಈ ಪದ್ಧತಿಯ ಮೊದಲ ಸೂತ್ರ ಅರ್ಥವಾಗಲು ಅದೊಂದೇ ಸಾಕು. ಈರುಳ್ಳಿ ಹೆಚ್ಚಿದರೆ ಕಣ್ಣುಮೂಗಲ್ಲಿ ನೀರು ಬರುತ್ತದೆ, ಅಲ್ವಾ? ಹಾಗಾದರೆ ಅಂಥದೇ ನೀರು ಬರುವ ನೆಗಡಿಗೆ ಈರುಳ್ಳಿಯಿಂದ ಮಾಡಿದ ಔಷಧಿ ಕೊಡಿ ಅನ್ನುತ್ತಾರೆ. ಆರೋಗ್ಯವಾಗಿರುವವರಲ್ಲಿ ಒಂದು ವಸ್ತು ಯಾವ ಲಕ್ಷಣ ಹುಟ್ಟಿಸುತ್ತದೋ, ಅಂಥ ಲಕ್ಷಣ ಇರುವ ರೋಗಿಗೆ ಅದೇ ಮದ್ದು ಎಂಬ ನಂಬಿಕೆ. ಇದನ್ನು ಕಟ್ಟಿದವರು ಜರ್ಮನಿಯ ವೈದ್ಯ ಸ್ಯಾಮ್ಯುಯೆಲ್ ಹಾನಿಮನ್. 1790ರಲ್ಲಿ ಒಂದು ವೈದ್ಯ ಗ್ರಂಥವನ್ನು ಅನುವಾದಿಸುತ್ತಿದ್ದಾಗ ಮಲೇರಿಯಾಕ್ಕೆ ಕೊಡುವ ಸಿಂಕೋನಾ ತೊಗಟೆಯನ್ನು ತಾವೇ ತಿಂದು ನೋಡಿದರು. ಮಲೇರಿಯಾದಂಥ ಲಕ್ಷಣಗಳೇ ತಮಗೆ ಕಾಣಿಸಿಕೊಂಡವು ಎಂದು ಬರೆದರು. ಮುಂದಿನ ಎಲ್ಲಕ್ಕೂ ಅಲ್ಲಿಂದ ಬೀಜ. 1810ರಲ್ಲಿ ಅವರ ಮುಖ್ಯ ಗ್ರಂಥ 'ಆರ್ಗನಾನ್' ಬಂತು. ಸಿಂಕೋನಾ ಕೆಲಸ ಮಾಡುವುದು ಅದರಲ್ಲಿರುವ ಕ್ವಿನೈನ್ ಮಲೇರಿಯಾದ ಪರಾವಲಂಬಿಯನ್ನು ಕೊಲ್ಲುವುದರಿಂದ ಎಂಬುದು ಈಗ ನಮಗೆ ಗೊತ್ತಿದೆ. ಹಾನಿಮನ್ ಕಾಲದಲ್ಲಿ ಗೊತ್ತಿರಲಿಲ್ಲ. ಆಗಿನ ವೈದ್ಯರು ರೋಗಿಯ ರಕ್ತ ಹರಿಸುತ್ತಿದ್ದರು, ಪಾದರಸ ತಿನ್ನಿಸುತ್ತಿದ್ದರು. ಅದನ್ನು ವಿರೋಧಿಸಿ, ರೋಗಿಯ ಮಾತು ಕೇಳಿ, ಆದಷ್ಟು ಕಮ್ಮಿ ಔಷಧಿ ಕೊಡಿ ಅಂದ ಮನುಷ್ಯ ಅವರು. ಅದಕ್ಕಾಗಿ ಅವರ ಮೇಲೆ ನನಗೆ ನಿಜವಾದ ಗೌರವ ಇದೆ.

ಇನ್ನು ಬಾಟಲಿ ಮೇಲಿನ 30, 200 ಎಂಬ ಸಂಖ್ಯೆ, ಅದಕ್ಕೆ ಪೊಟೆನ್ಸಿ ಅನ್ನುತ್ತಾರೆ. ಇದನ್ನು ಹೊಸಬರು ತಪ್ಪದೆ ಅರ್ಥ ಮಾಡಿಕೊಳ್ಳಬೇಕು. ಅದು ಮಿಲಿಗ್ರಾಂ ಅಲ್ಲ. ಮೂಲ ಔಷಧಿಯ ಒಂದು ಪಾಲಿಗೆ 99 ಪಾಲು ಮದ್ಯಸಾರ ಅಥವಾ ನೀರು ಸೇರಿಸಿ ಜೋರಾಗಿ ಕುಲುಕಿದರೆ 1 ಸಿ. ಅದರಲ್ಲಿ ಒಂದು ಪಾಲು ತೆಗೆದು ಮತ್ತೆ 99 ಪಾಲು ಸೇರಿಸಿದರೆ 2 ಸಿ. ಹೀಗೆ ಮೂವತ್ತು ಸಲ ಮಾಡಿದರೆ 30 ಸಿ. ಕೊನೆಗೆ ಅದನ್ನು ಸಕ್ಕರೆ ಗುಳಿಗೆಗಳ ಮೇಲೆ ಹನಿಸುತ್ತಾರೆ. 12 ಸಿ ದಾಟುವ ಹೊತ್ತಿಗೆ ಮೂಲ ವಸ್ತುವಿನ ಒಂದು ಅಣುವೂ ಉಳಿದಿರುವ ಸಾಧ್ಯತೆ ಕಮ್ಮಿ. 30 ಸಿ ಅಂದರೆ 1ರ ಮುಂದೆ 60 ಸೊನ್ನೆ ಹಾಕಿದಷ್ಟು ಪಾಲಿನಲ್ಲಿ ಒಂದು ಪಾಲು. ಅಲ್ಲಿ ಈರುಳ್ಳಿಯೂ ಇಲ್ಲ, ಆರ್ಸೆನಿಕ್ಕೂ ಇಲ್ಲ. ಕುಲುಕಿದಷ್ಟೂ ಔಷಧಿಯ ಶಕ್ತಿ ಏರುತ್ತದೆ, 30ಕ್ಕಿಂತ 200 ಜೋರು ಎನ್ನುವುದು ಹೋಮಿಯೋಪತಿಯ ವಾದ. ರಸಾಯನಶಾಸ್ತ್ರ ಇದನ್ನು ಒಪ್ಪುವುದಿಲ್ಲ. ಹಾನಿಮನ್ ತೀರಿಕೊಂಡದ್ದು 1843ರಲ್ಲಿ. ಒಂದು ಹನಿಯಲ್ಲಿ ಸುಮಾರು ಎಷ್ಟು ಅಣು ಇರುತ್ತವೆ ಎಂಬ ಲೆಕ್ಕ ಸಿಕ್ಕಿದ್ದು ಅದಾದ ಮೇಲೆ.

ನಾನು ಈ ಲೆಕ್ಕವನ್ನು ನಮ್ಮ ಡಾಕ್ಟರ ಮುಂದೆಯೇ ಇಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ನಾನು ನೋಡಿದ ರೋಗಿಗಳ ಅನುಭವದ ಮೇಲೆ ಕೊಡ್ತೀನಮ್ಮ. ಹೇಗೆ ಕೆಲಸ ಮಾಡುತ್ತೆ ಅಂತ ತೋರಿಸೋಕೆ ನನ್ನ ಹತ್ರ ಆಗಲ್ಲ" ಅಂದರು. ಆ ಪ್ರಾಮಾಣಿಕತೆಗೇ ನಾನು ಅಲ್ಲಿ ಉಳಿದುಕೊಂಡದ್ದು.

ಪರೀಕ್ಷೆಗಳು ಏನು ಹೇಳುತ್ತವೆ ಎಂದೂ ಹುಡುಕಿ ಓದಿದೆ. 2005ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ 110 ಹೋಮಿಯೋಪತಿ ಪ್ರಯೋಗಗಳನ್ನು ಅಷ್ಟೇ ಸಂಖ್ಯೆಯ ಸಾಮಾನ್ಯ ಔಷಧಿಗಳ ಪ್ರಯೋಗಗಳ ಜೊತೆ ಹೋಲಿಸಿ ನೋಡಿದರು. ಹೋಮಿಯೋಪತಿಯ ಪರಿಣಾಮ ಬರೀ ಸಕ್ಕರೆ ಗುಳಿಗೆ ಕೊಟ್ಟಾಗ ಆಗುವಷ್ಟೇ ಎಂಬಂತೆ ಕಂಡಿತು. 2015ರಲ್ಲಿ ಆಸ್ಟ್ರೇಲಿಯಾದ ಆರೋಗ್ಯ ಸಂಶೋಧನಾ ಮಂಡಳಿ, ಯಾವ ಕಾಯಿಲೆಗೂ ಇದು ಕೆಲಸ ಮಾಡುತ್ತದೆ ಎನ್ನಲು ನಂಬುವಂಥ ಆಧಾರ ಇಲ್ಲ ಎಂದಿತು. ಆದರೆ ನಮ್ಮಲ್ಲಿ ಇದು ಸರ್ಕಾರ ಒಪ್ಪಿದ ಪದ್ಧತಿ. ಹೋಮಿಯೋಪತಿ ವೈದ್ಯರ ಬಿಎಚ್‌ಎಂಎಸ್ ಪದವಿ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ್ದು. 2020ರ ಕಾಯ್ದೆಯ ಪ್ರಕಾರ ಇದಕ್ಕೇ ಒಂದು ರಾಷ್ಟ್ರೀಯ ಆಯೋಗವೂ ಇದೆ. ಕಾನೂನಿನ ಒಪ್ಪಿಗೆ ಬೇರೆ, ಪ್ರಯೋಗದ ಸಾಕ್ಷಿ ಬೇರೆ. ದಯವಿಟ್ಟು ಎರಡನ್ನೂ ಒಂದೇ ಅಂದುಕೊಳ್ಳಬೇಡಿ.

ನನಗೆ ಏನಾಯಿತು? ಸೀನು ಕಮ್ಮಿಯಾಯಿತು, ಚೆನ್ನಾಗಿಯೇ ಕಮ್ಮಿಯಾಯಿತು. ಆದರೆ ಅದು ಗುಳಿಗೆಯಿಂದ ಎಂದು ನಾನು ಹೇಳುವುದಿಲ್ಲ. ಡಾಕ್ಟರು ಒಂದು ಡೈರಿ ಇಡಲು ಹೇಳಿದ್ದರು. ಎಲ್ಲಿದ್ದಾಗ, ಎಷ್ಟು ಹೊತ್ತಿಗೆ, ಏನು ಮಾಡುತ್ತಿದ್ದಾಗ ಸೀನು ಬಂತು ಎಂದು ಬರೆಯಬೇಕು. ಬರೆಯುತ್ತಾ ಹೋದರೆ ಕೆಟ್ಟ ದಿನಗಳೆಲ್ಲ ಯುಟಿಲಿಟಿಯಲ್ಲಿ ಬಟ್ಟೆ ಒಣಗಿಸುವ ಹೊತ್ತಿನಲ್ಲೇ ಶುರುವಾಗುತ್ತಿದ್ದವು. ಅಲ್ಲಿ ಗ್ರಿಲ್ ಮೇಲೆ, ಎಸಿ ಡಬ್ಬದ ಹಿಂದೆ ಪಾರಿವಾಳದ ಗೂಡು, ಒಣಗಿದ ಹಿಕ್ಕೆ, ಪುಕ್ಕ. ಬಾಯಿಗೆ ಮಾಸ್ಕ್ ಕಟ್ಟಿಕೊಂಡು ಒದ್ದೆ ಮಾಡಿ ತೊಳೆಸಿದೆವು, ಬಲೆ ಹಾಕಿಸಿದೆವು. ದಿಂಬಿನ ಕವರನ್ನು ಬಿಸಿನೀರಿನಲ್ಲಿ ಒಗೆಯುವುದನ್ನು ರೂಢಿ ಮಾಡಿಕೊಂಡೆ. ಮೂಗಿನ ಸ್ಪ್ರೇಯನ್ನು ಮನಸ್ಸು ಬಂದಾಗ ಹೊಡೆಯುವ ಬದಲು ಹೇಳಿದ ಹಾಗೆ ದಿನವೂ ಬಳಸಲು ಶುರು ಮಾಡಿದೆ. ಅದನ್ನು ನಿಲ್ಲಿಸಬೇಡಿ ಎಂದವರೂ ಈ ಹೋಮಿಯೋಪತಿ ಡಾಕ್ಟರೇ. ಇಷ್ಟಾದ ಮೇಲೆ ಗುಳಿಗೆಗೆ ಎಷ್ಟು ಪಾಲು ಕೊಡಲಿ? ನನಗೆ ಗುಣವಾದದ್ದು ಆ ಪ್ರಶ್ನೆಗಳಿಂದ ಎಂದೇ ನನ್ನ ತೀರ್ಮಾನ. ಹತ್ತು ನಿಮಿಷ ಕೂರಿಸಿಕೊಂಡು ಹೀಗೆ ಕೇಳುವ ಪುರುಸೊತ್ತು ಎಲ್ಲ ಡಾಕ್ಟರಿಗೂ ಸಿಗಬೇಕು, ನಮ್ಮ ಆಸ್ಪತ್ರೆಗಳಲ್ಲಿ ಅದಕ್ಕೆ ಜಾಗ ಇಲ್ಲವಲ್ಲ ಎಂದು ತುಂಬಾ ಬೇಜಾರಾಗುತ್ತದೆ.

ಗುಳಿಗೆ ತೆಗೆದುಕೊಳ್ಳುವ ಪಥ್ಯ ಎಲ್ಲರೂ ಕೇಳಿರುತ್ತೀರಿ. ಕೈಯಲ್ಲಿ ಮುಟ್ಟಬಾರದು, ಮುಚ್ಚಳದಿಂದಲೇ ನಾಲಿಗೆಗೆ ಹಾಕಿಕೊಳ್ಳಬೇಕು, ಊಟಕ್ಕೆ ಹಿಂದೆಮುಂದೆ ಸ್ವಲ್ಪ ಬಿಡುವು ಇರಬೇಕು, ಕರ್ಪೂರದ ಹತ್ತಿರ ಇಡಬಾರದು. ಕೆಲವರು ಕಾಫಿ ಬಿಡಿಸುತ್ತಾರೆ, ನಮ್ಮ ಡಾಕ್ಟರು ಬಿಡಿಸಲಿಲ್ಲ.

ಆದರೆ "ಹೋಮಿಯೋಪತಿಗೆ ಸೈಡ್ ಎಫೆಕ್ಟೇ ಇಲ್ಲ" ಅನ್ನುವ ಮಾತನ್ನು ಕಣ್ಣುಮುಚ್ಚಿ ಒಪ್ಪಬೇಡಿ. ಮದರ್ ಟಿಂಕ್ಚರ್ (ತೆಳು ಮಾಡದ ಮೂಲ ದ್ರಾವಣ) ಮತ್ತು ಮೂರೇ ಸಲ ಹತ್ತರಷ್ಟು ತೆಳು ಮಾಡಿದ 3 ಎಕ್ಸ್‌ನಂಥ ಕೆಳಗಿನ ಪೊಟೆನ್ಸಿಗಳಲ್ಲಿ ಮೂಲ ವಸ್ತು ನಿಜವಾಗಿಯೂ ಇರುತ್ತದೆ. ಹನಿ ಔಷಧಿಗಳಲ್ಲಿ ಮದ್ಯಸಾರ ಇರುತ್ತದೆ, ಮಕ್ಕಳಿಗೆ ಕೊಡುವಾಗ ಕೇಳಿ. ಅಮೆರಿಕದಲ್ಲಿ 2017ರಲ್ಲಿ ಮಕ್ಕಳ ಹಲ್ಲು ಹುಟ್ಟುವಾಗ ಕೊಡುವ ಕೆಲವು ಹೋಮಿಯೋಪತಿ ಮಾತ್ರೆಗಳಲ್ಲಿ ಬೆಲಡೋನಾ ಪ್ರಮಾಣ ಏರುಪೇರಾಗಿದೆ ಎಂದು ಅಲ್ಲಿನ ಔಷಧ ಇಲಾಖೆ ಎಚ್ಚರಿಸಿತ್ತು. ಬೆಲಡೋನಾ ವಿಷದ ಗಿಡ. ಇನ್ನೊಂದು ವಿಷಯ, ಔಷಧಿ ಶುರುವಾದಾಗ ತೊಂದರೆ ಜಾಸ್ತಿಯಾದರೆ "ಅದು ಒಳ್ಳೆಯ ಲಕ್ಷಣ, ಔಷಧಿ ಹಿಡಿಯುತ್ತಿದೆ" ಅನ್ನುತ್ತಾರೆ. ಈ ಮಾತು ಅಪಾಯದ್ದು. ಹೆಚ್ಚಾದರೆ ಎಷ್ಟು ದಿನ ಕಾಯಬೇಕು, ಯಾವಾಗ ಆಸ್ಪತ್ರೆಗೆ ಹೋಗಬೇಕು ಎಂದು ಮೊದಲ ದಿನವೇ ಕೇಳಿಕೊಳ್ಳಿ.

ಈ ಕ್ಲಿನಿಕ್ ಸಿಗುವ ಮೊದಲು ನಾನು ಇನ್ನೊಂದು ಕಡೆ ವಿಚಾರಿಸಿದ್ದೆ. ಊರೆಲ್ಲ ಶಾಖೆ ಇರುವ ದೊಡ್ಡ ಕ್ಲಿನಿಕ್. ಅಲ್ಲಿ ಡಾಕ್ಟರಿಗಿಂತ ಮೊದಲು ಒಬ್ಬ ಹುಡುಗಿ ಕೂರಿಸಿಕೊಂಡು ವರ್ಷದ ಪ್ಯಾಕೇಜ್ ಹೇಳಿದಳು, ಪೂರ್ತಿ ಹಣ ಮುಂಗಡ. ಬಾಟಲಿಗಳ ಮೇಲೆ ಔಷಧಿಯ ಹೆಸರಿರಲಿಲ್ಲ, ಬರೀ ಸಂಖ್ಯೆ. ಹೆಸರು ಕೇಳಿದರೆ "ಅದನ್ನ ಹೇಳೋ ಹಾಗಿಲ್ಲ ಮೇಡಂ" ಅಂದರು. ನಾನು ಎದ್ದು ಬಂದೆ. ರೋಗಿ ತಾನು ಏನು ನುಂಗುತ್ತಿದ್ದಾನೆ ಎಂದು ತಿಳಿದಿರಲೇಬೇಕು. ನಾಳೆ ತುರ್ತಿನಲ್ಲಿ ಆಸ್ಪತ್ರೆಗೆ ಹೋದರೆ ಅಲ್ಲಿನ ಡಾಕ್ಟರಿಗೆ ಏನು ಹೇಳುವುದು? ಹಾನಿಮನ್ ಹೇಳಿದ್ದು ಒಂದು ಸಲಕ್ಕೆ ಒಂದೇ ಔಷಧಿ. ಐದಾರು ಬಾಟಲಿ ಒಟ್ಟಿಗೆ ಕೊಟ್ಟರೆ ಆ ಪದ್ಧತಿಯ ಸೂತ್ರಕ್ಕೇ ಅದು ಹೊಂದುವುದಿಲ್ಲ. ದುಡ್ಡಿನ ಚಿಂತೆ ಇರುವವರು ಬಸವೇಶ್ವರನಗರದ ಸರ್ಕಾರಿ ಹೋಮಿಯೋಪತಿ ಕಾಲೇಜಿನ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ.

ಎದೆನೋವು, ಉಸಿರಾಟದ ತೊಂದರೆ, ಬಿಡದ ಜ್ವರ, ಮಳೆಗಾಲದಲ್ಲಿ ಡೆಂಗಿ ಅನುಮಾನ, ಗಂಟು, ರಕ್ತಸ್ರಾವ, ಇವಕ್ಕೆ ನೇರ ಆಸ್ಪತ್ರೆ. ಬಿಪಿ ಮಾತ್ರೆ, ಇನ್ಸುಲಿನ್, ಥೈರಾಯ್ಡ್ ಮಾತ್ರೆ ಬಿಡಿಸುವವರ ಹತ್ತಿರ ಹೋಗಬೇಡಿ. ಮಕ್ಕಳ ಲಸಿಕೆಗೆ ಗುಳಿಗೆ ಬದಲಿ ಅಲ್ಲ. ಕಳೆದ ಚಳಿಗಾಲದಲ್ಲಿ ನಮ್ಮಮ್ಮನಿಗೆ ಉಬ್ಬಸ ಶುರುವಾದಾಗ ನಾನು ಇದೇ ಡಾಕ್ಟರಿಗೆ ಫೋನ್ ಮಾಡಿದೆ. ಎರಡು ಪ್ರಶ್ನೆ ಕೇಳಿ, "ಇದು ನನ್ನ ಹತ್ರ ಕರ್ಕೊಂಡು ಬರೋದಲ್ಲ, ಈಗಲೇ ಆಸ್ಪತ್ರೆಗೆ ಹೋಗಿ" ಅಂದರು. ಅಮ್ಮನಿಗೆ ಅಲ್ಲಿ ನೆಬ್ಯುಲೈಸರ್ ಕೊಟ್ಟರು, ಈಗ ಇನ್ಹೇಲರ್ ಬಳಸುತ್ತಾರೆ. ಹೊಸದಾಗಿ ಹೋಗುವವರು ಡಾಕ್ಟರ ಮುಂದೆ ಕೂತ ಕೂಡಲೇ "ಯಾವ ಕಾಯಿಲೆಗೆ ನೀವು ಔಷಧಿ ಕೊಡಲ್ಲ?" ಎಂದು ಕೇಳಿ. ಪಟ್ಟಿ ಹೇಳಿದರೆ ಕೂತುಕೊಳ್ಳಿ. ಎಲ್ಲಕ್ಕೂ ಇದೆ ಅಂದರೆ ಬೇರೆ ಕಡೆ ನೋಡಿ. ಜೊತೆಗೆ ಈಗ ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳ ಚೀಟಿ, ಹಳೆಯ ರಕ್ತ ಪರೀಕ್ಷೆಯ ರಿಪೋರ್ಟು ತೆಗೆದುಕೊಂಡು ಹೋಗಿ, ಔಷಧಿಯ ಹೆಸರನ್ನೂ ಪೊಟೆನ್ಸಿಯನ್ನೂ ಬರೆಸಿಕೊಂಡು ಬನ್ನಿ.