ರೇಡ್‌ನಲ್ಲಿ ಜಾಗ ಕಮ್ಮಿ ಕಂಡರೆ ಅಳಿಸಿ ಹೊಸದು ಮಾಡಲು ಬಿಡಬೇಡಿ

ಮೈಸೂರಿನ ಸರಸ್ವತಿಪುರಂನಲ್ಲಿ ನಮ್ಮದೊಂದು ಚಿಕ್ಕ ಫೋಟೋ ಸ್ಟುಡಿಯೋ ಇದೆ. ಮದುವೆ, ನಾಮಕರಣದ ವಿಡಿಯೋ ಎಲ್ಲ ಒಂದೇ ಲಿನಕ್ಸ್ ಕಂಪ್ಯೂಟರಿನಲ್ಲಿ ಇಡುತ್ತಿದ್ದೆವು. 2 ಟಿಬಿಯ ನಾಲ್ಕು ಹಾರ್ಡ್ ಡಿಸ್ಕ್, ಸಾಫ್ಟ್‌ವೇರ್ ರೇಡ್ 5, ಅಂದರೆ ಹಲವು ಡಿಸ್ಕ್ ಸೇರಿಸಿ ಒಂದೇ ಡಿಸ್ಕಿನಂತೆ ಬಳಸುವ, ಒಂದು ಕೆಟ್ಟರೂ ಡೇಟಾ ಉಳಿಯುವ ಏರ್ಪಾಡು. ದಸರಾ ಮುಗಿಯುವಷ್ಟರಲ್ಲಿ ಜಾಗ ತುಂಬಿತು. ಒಂದೊಂದೇ ಡಿಸ್ಕ್ ತೆಗೆದು 4 ಟಿಬಿಯದು ಹಾಕಿದೆವು. ಪ್ರತಿ ಸಲ ರೀಬಿಲ್ಡ್ (ಹೊಸ ಡಿಸ್ಕಿಗೆ ಅದರ ಪಾಲಿನ ಡೇಟಾ ತುಂಬುವುದು) ಮುಗಿಯುವವರೆಗೆ ಕಾದೆವು. ನಾಲ್ಕೂ ಬದಲಾಯಿತು, ಜಾಗ ಮಾತ್ರ ಮೊದಲಿದ್ದ 5.5 ಟಿಬಿಯೇ!

ಗಾಬರಿಯಾಗಿ ಡಿಸ್ಕ್ ಕೊಟ್ಟ ಅಂಗಡಿಯ ಹುಡುಗನನ್ನು ಕರೆಸಿದೆ. "ರೇಡ್ ಸರಿಯಾಗಿ ಆಗಿಲ್ಲ ಸಾರ್, ಹೊಸದಾಗಿ ಮಾಡಿಬಿಡ್ತೀನಿ" ಅಂದ. ಡೇಟಾ ಹೋಗಲ್ವಾ ಅಂತ ಕೇಳಿದೆ. "ರೇಡ್ ಇದೆಯಲ್ಲ ಸಾರ್" ಅಂದ. ನಾನು ಒಪ್ಪಿದೆ. ಅವನು ಅರೇ (ರೇಡ್‌ನಲ್ಲಿ ಸೇರಿಸಿದ ಡಿಸ್ಕ್‌ಗಳ ಗುಂಪು) ನಿಲ್ಲಿಸಿ, ಹೊಸ ಅರೇ ಮಾಡುವ 'ಕ್ರಿಯೇಟ್' ಕಮಾಂಡ್ ಕೊಟ್ಟು, ಫಾರ್ಮ್ಯಾಟ್ ಮಾಡಿದ.

ಎಡಿಟಿಂಗ್‌ಗೆ ಇಟ್ಟಿದ್ದ ಮಂಡ್ಯದ ಒಂದು ಮದುವೆ ಪೂರ್ತಿ ಹೋಯಿತು. ಕ್ಯಾಮೆರಾ ಕಾರ್ಡ್ ಆಗಲೇ ಖಾಲಿ ಮಾಡಿದ್ದೆ, ಬೇರೆ ಕಾಪಿ ಇರಲಿಲ್ಲ. ಅವರ ಮನೆಗೇ ಹೋಗಿ ಹೇಳಿದೆ. "ಧಾರೆ ಹೊತ್ತಿಂದಾದ್ರೂ ಇದೆಯಾ?" ಅಂತ ಹುಡುಗಿಯ ತಾಯಿ ಕೇಳಿದರು. ಅದೂ ಇರಲಿಲ್ಲ.

ಆಮೇಲೆ ಕೂತು ಓದಿದಾಗ ಗೊತ್ತಾಯಿತು, ಅಲ್ಲಿ ಏನೂ ಕೆಟ್ಟೇ ಇರಲಿಲ್ಲ. ರೇಡ್ 5ರಲ್ಲಿ ಒಂದು ಡಿಸ್ಕಿನಷ್ಟು ಜಾಗ ಪ್ಯಾರಿಟಿಗೆ, ಅಂದರೆ ಕೆಟ್ಟ ಡಿಸ್ಕಿನ ಡೇಟಾ ಮತ್ತೆ ಕಟ್ಟಲು ಬೇಕಾದ ಮಾಹಿತಿಗೆ, ಹೋಗುತ್ತದೆ. ಲೆಕ್ಕ ನಡೆಯುವುದು ಇರುವುದರಲ್ಲೇ ಚಿಕ್ಕ ಡಿಸ್ಕಿನ ಅಳತೆಯಲ್ಲಿ. ಎಲ್ಲ ಡಿಸ್ಕ್ ದೊಡ್ಡದಾದರೂ ಅರೇ ತಾನಾಗಿ ಬೆಳೆಯುವುದಿಲ್ಲ, ನಾವೇ ಬೆಳೆಸಬೇಕು. ಲಿನಕ್ಸಿನಲ್ಲಿ ರೇಡ್ ನೋಡಿಕೊಳ್ಳುವ ಎಂಡಿಅಡ್ಮ್ (mdadm) ಪ್ರೋಗ್ರಾಮಿನಲ್ಲಿ 'ಗ್ರೋ' ಕೊಟ್ಟು ಸೈಜ್ 'ಮ್ಯಾಕ್ಸ್' ಅನ್ನಬೇಕು. ಆಮೇಲೆ ಅದರ ಮೇಲೆ ಫೈಲುಗಳನ್ನು ಜೋಡಿಸಿಡುವ ಫೈಲ್ ಸಿಸ್ಟಮ್ಮನ್ನೂ ಹಿಗ್ಗಿಸಬೇಕು, ಅದು ಇಎಕ್ಸ್‌ಟಿ4 (ext4) ಬಗೆಯದಾದರೆ ರೀಸೈಜ್2ಎಫ್‌ಎಸ್ (resize2fs) ಪ್ರೋಗ್ರಾಮಿನಿಂದ. ಇಷ್ಟೇ ಕೆಲಸ! ಅದಕ್ಕೂ ಮೊದಲು ಪಾರ್ಟಿಷನ್ (ಡಿಸ್ಕಿನಲ್ಲಿ ಬಳಕೆಗೆ ಅಂತ ಗುರುತಿಸಿದ ಭಾಗ) ನೋಡಿಕೊಳ್ಳಿ. ಹಳೇ ಡಿಸ್ಕಿನ ಪಾರ್ಟಿಷನ್ ಟೇಬಲ್ಲನ್ನೇ ಹೊಸದಕ್ಕೆ ಕಾಪಿ ಮಾಡಿದ್ದರೆ 4 ಟಿಬಿ ಡಿಸ್ಕಿನಲ್ಲೂ ಪಾರ್ಟಿಷನ್ 2 ಟಿಬಿಯದೇ ಇರುತ್ತದೆ, ಉಳಿದ ಅರ್ಧ ಸುಮ್ನೆ ಬಿದ್ದಿರುತ್ತದೆ. ಆಗ 'ಗ್ರೋ' ಕೊಟ್ಟರೂ ಏನೂ ಜಾಸ್ತಿ ಆಗುವುದಿಲ್ಲ.

ಇದನ್ನೆಲ್ಲ ಮಾಡುವ ಮುಂಚೆ ಬೇರೆ ಡಿಸ್ಕಿಗೆ ಬ್ಯಾಕಪ್ ತೆಗೆಯಿರಿ. ಒಂದು ಡಿಸ್ಕ್ ಕೆಟ್ಟರೆ ರೇಡ್ ಕಾಯುತ್ತದೆ, ನಾವೇ ಅಳಿಸಿದರೆ ಕಾಯುವುದಿಲ್ಲ. ಇರುವ ಅರೇ ಮೇಲೆ ಯಾರಾದರೂ 'ಕ್ರಿಯೇಟ್' ಟೈಪ್ ಮಾಡಲು ಹೊರಟರೆ ದಯವಿಟ್ಟು ಕೈ ಹಿಡಿದು ನಿಲ್ಲಿಸಿ.

ಈಗ ನಮ್ಮಲ್ಲಿ 12 ಟಿಬಿಯ ಬದಲು 10.9 ಕಾಣುತ್ತದೆ. ಅದಕ್ಕೂ ಗಾಬರಿ ಬೇಡ. ಡಿಸ್ಕ್ ತಯಾರಿಸುವವರು 1000ದ ಲೆಕ್ಕ ಹಿಡಿಯುತ್ತಾರೆ, ಲಿನಕ್ಸ್ ಇಲ್ಲಿ 1024ರ ಲೆಕ್ಕದಲ್ಲಿ ತೋರಿಸುತ್ತದೆ. ಅದರಲ್ಲೂ ಇಎಕ್ಸ್‌ಟಿ4 ಶೇ. 5ರಷ್ಟನ್ನು ರೂಟ್‌ಗೆ (ಲಿನಕ್ಸಿನ ಮುಖ್ಯ ಬಳಕೆದಾರನಿಗೆ) ಅಂತ ತೆಗೆದಿಡುತ್ತದೆ. ಅದನ್ನು ಟ್ಯೂನ್2ಎಫ್‌ಎಸ್ (tune2fs) ಪ್ರೋಗ್ರಾಮಿನಿಂದ ಕಮ್ಮಿ ಮಾಡಿಕೊಳ್ಳಬಹುದು, ಒಂದು ಫೈಲನ್ನೂ ಅಳಿಸದೆ.